ಬೀರು, ಅಡುಗೆಮನೆ ಕ್ಯಾಬಿನೆಟ್‌ಗೆ ಫಿಗರ್ಡ್ ಮೇಪಲ್ ವೆನೀರ್ ಹಾಕಿಸಬಹುದಾ? ಅನುಭವ ಇದ್ದವರು ಹೇಳಿ

ಹೊಸಮನೆ_ಜಯನಗರ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಮರಗೆಲಸ ಶುರುವಾಗುವುದರಲ್ಲಿದೆ. ಮಲಗುವ ಕೋಣೆಯ ಬೀರು, ಊಟದ ಜಾಗದಲ್ಲಿ ಒಂದು ಕ್ರಾಕರಿ ಯೂನಿಟ್, ಅಡುಗೆಮನೆಯ ಕ್ಯಾಬಿನೆಟ್. ಮೂರಕ್ಕೂ ಫಿಗರ್ಡ್, ಅಂದರೆ ಮೈಯಲ್ಲೇ ವಿನ್ಯಾಸ ಮೂಡಿರುವ ಮೇಪಲ್ ವೆನೀರ್ (ಪ್ಲೈ ಮೇಲೆ ಅಂಟಿಸುವ ತೆಳು ಮರದ ಹಾಳೆ) ಹಾಕಿಸುವ ಆಸೆ. ಮೈಸೂರು ರಸ್ತೆ ಕಡೆ ಟಿಂಬರ್ ಯಾರ್ಡ್ ಲೇಔಟ್‌ನಲ್ಲಿ ಬರ್ಡ್ಸ್ ಐ (ಹಕ್ಕಿ ಕಣ್ಣಿನಂಥ ಚುಕ್ಕಿ ಇರುವುದು) ಮತ್ತು ಕರ್ಲಿ (ಅಲೆಯಂಥ ಪಟ್ಟೆ ಇರುವುದು) ಎರಡನ್ನೂ ನೋಡಿದೆವು. ಕರ್ಲಿ ಶೀಟನ್ನು ಸ್ವಲ್ಪ ವಾಲಿಸಿದರೆ ಸಾಕು, ರೇಷ್ಮೆ ಸೀರೆಯ ಸೆರಗಿನ ಹಾಗೆ ಬೆಳಕು ಅತ್ತಿಂದಿತ್ತ ಓಡಾಡುತ್ತದೆ. ಅದನ್ನು ನೋಡಿದ ಮೇಲೆ ಬೇರೆ ಯಾವುದೂ ಹಿಡಿಸುತ್ತಿಲ್ಲ.

ಆದರೆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಮೇಸ್ತ್ರಿ ತೇಗದ ವೆನೀರೇ ಹಾಕಿಸಿ ಎನ್ನುತ್ತಾರೆ. ನಾದಿನಿ, "ಬಿಳಿ ಮರ ಎರಡು ವರ್ಷಕ್ಕೆ ಹಳದಿಯಾಗುತ್ತದೆ" ಎನ್ನುತ್ತಾಳೆ. ಅಂಗಡಿಯವರು ಏನು ಕೇಳಿದರೂ "ಏನೂ ಆಗಲ್ಲ ಮೇಡಂ" ಎನ್ನುತ್ತಾರೆ. ನಿಜ ಏನು? ಹಳದಿಯಾಗುತ್ತದಾ? ಅಡುಗೆಮನೆಗೆ ಆಗುತ್ತದಾ? ಪಾಲಿಶ್ ಯಾವುದು?

ಕೀಸುಳಿ
ಮೇಡಂ, ಮೊದಲು ಒಂದು ಪ್ರಶ್ನೆ. ನೀವು ನೋಡಿದ್ದು ನಿಜವಾದ ಮೇಪಲ್ಲಾ, ರೀಕಾನಾ? ಅಂಗಡಿಯಲ್ಲಿ ಎರಡನ್ನೂ "ಮೇಪಲ್" ಎಂದೇ ಮಾರುತ್ತಾರೆ. ರೀಕಾನ್ ಎಂದರೆ ಪಾಪ್ಲರ್, ಅಯೂಸ್ ತರಹದ ಬೇಗ ಬೆಳೆಯುವ ಮರದ ಹಾಳೆಗಳಿಗೆ ಬಣ್ಣ ಕೊಟ್ಟು, ಒಂದರ ಮೇಲೊಂದು ಅಂಟಿಸಿ, ಒತ್ತಿ, ಆ ದಿಮ್ಮಿಯನ್ನು ಮತ್ತೆ ಹಾಳೆ ಹಾಳೆಯಾಗಿ ಸೀಳಿದ್ದು. ಅದೂ ಮರವೇ, ಆದರೆ ವಿನ್ಯಾಸ ಮನುಷ್ಯರು ಮಾಡಿದ್ದು.

ಗುರುತು ಹಿಡಿಯುವುದು ಕಷ್ಟ ಇಲ್ಲ. ಒಂದೇ ಬಗೆಯ ನಾಲ್ಕೈದು ಶೀಟ್ ತೆಗೆಸಿ ಪಕ್ಕಪಕ್ಕ ಇಡಿಸಿ. ಒಂದು ಕಣ್ಣಿನ ಗುಂಪು ಅಷ್ಟೇ ಅಂತರದಲ್ಲಿ ಮತ್ತೆ ಮತ್ತೆ ಬಂದರೆ ರೀಕಾನ್. ಆಮೇಲೆ ಶೀಟನ್ನು ಬಿಸಿಲಿಗೆ ತಂದು ವಾಲಿಸಿ ನೋಡಿ. ನಿಜವಾದ ಕರ್ಲಿಯಲ್ಲಿ ಕಪ್ಪು ಕಂಡ ಪಟ್ಟೆ ಬಿಳಿಯಾಗುತ್ತದೆ, ಬಿಳಿ ಕಂಡದ್ದು ಕಪ್ಪಾಗುತ್ತದೆ. ಮರದ ನಾರೇ ಅಲೆ ಅಲೆಯಾಗಿ ಬೆಳೆದಿರುವುದರಿಂದ ಹಾಗಾಗುತ್ತದೆ. ಬರೀ ಬಣ್ಣದಿಂದ ಮಾಡಿದ ಪಟ್ಟೆ ಎಲ್ಲಿಂದ ನೋಡಿದರೂ ಹಾಗೇ ಇರುತ್ತದೆ.

ಹೊಸಮನೆ_ಜಯನಗರ
@ಕೀಸುಳಿ ಹಾಗಾದರೆ ಕರ್ಲಿ ನಿಜದ್ದೇ ಇರಬೇಕು ಸರ್, ಪಟ್ಟೆ ಬದಲಾಗುತ್ತಿತ್ತು. ಬರ್ಡ್ಸ್ ಐ ಬಗ್ಗೆ ಈಗ ಅನುಮಾನ. ಎರಡು ಶೀಟೂ ಒಂದೇ ತರಹ ಇದ್ದವು.

ಒಳಾಂಗಣ_ವಿನ್ಯಾಸ
ರೀಕಾನ್ ಎಂದರೆ ಕಳಪೆ ಅನ್ನುವ ಹಾಗೆ ಮಾತಾಡಬೇಡಿ. ನಾನು ಈ ಕೆಲಸದಲ್ಲೇ ಇದ್ದೇನೆ. ಒಂದು ಮನೆಗೆ ಹತ್ತು ಹದಿನೈದು ಶೀಟ್ ಬೇಕಾದಾಗ ನಿಜವಾದ ಬರ್ಡ್ಸ್ ಐನಲ್ಲಿ ಎಲ್ಲ ಶೀಟೂ ಒಂದೇ ಬಣ್ಣ, ಒಂದೇ ದಟ್ಟಣೆಯ ಕಣ್ಣು ಸಿಗುವುದಿಲ್ಲ. ಮುಂದೆ ಒಂದು ಬಾಗಿಲು ಹಾಳಾದರೆ ಜೊತೆ ಮಾಡುವುದೂ ಆಗುವುದಿಲ್ಲ. ರೀಕಾನ್‌ನಲ್ಲಿ ಅದೇ ಕೋಡ್ ಹೇಳಿ ತರಿಸಬಹುದು. ಬೆಲೆಯೂ ಕಡಿಮೆ.

ಕೀಸುಳಿ
ಕಳಪೆ ಎಂದು ನಾನು ಹೇಳಲಿಲ್ಲ. ನಿಜದ್ದಕ್ಕೆ ದುಡ್ಡು ಕೊಟ್ಟು ರೀಕಾನ್ ತಂದುಕೊಳ್ಳಬಾರದು ಎಂದೆ ಅಷ್ಟೇ. ಬಿಲ್ ಮೇಲೆ "ನ್ಯಾಚುರಲ್ ವೆನೀರ್" ಎಂದು ಬರೆಸಿಕೊಳ್ಳಿ ಮೇಡಂ. ತೀರಾ ಅನುಮಾನ ಇದ್ದರೆ ಮಲ್ಲೇಶ್ವರದ 18ನೇ ಕ್ರಾಸ್‌ನಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಯಾವ ಮರ ಎಂದು ಗುರುತಿಸುವ ಕೆಲಸ ಅವರದ್ದು. ವಿಚಾರಿಸಿ ನೋಡಬಹುದು.

ಮಿಚಿಗನ್_ಕನ್ನಡಿಗ
ನಾನಿರುವುದು ಮಿಚಿಗನ್‌ನಲ್ಲಿ. ಈ ಬರ್ಡ್ಸ್ ಐ ಮೇಪಲ್‌ಗೆ ಹೆಸರಾದ ಜಾಗ ಇಲ್ಲಿನ ಉತ್ತರ ಭಾಗ, ಅಪ್ಪರ್ ಪೆನಿನ್ಸುಲಾ. ಮರ ಶುಗರ್ ಮೇಪಲ್, ಅಂದರೆ ಮೇಪಲ್ ಸಿರಪ್ ಕೊಡುವ ಮರವೇ. ಕಣ್ಣುಗಳು ಯಾಕೆ ಬರುತ್ತವೆ ಎನ್ನುವುದಕ್ಕೆ ವಿಜ್ಞಾನಿಗಳಲ್ಲಿ ಇನ್ನೂ ಒಂದೇ ಮಾತಿಲ್ಲ. ಫಂಗಸ್ ಎಂದವರಿದ್ದಾರೆ, ಹಕ್ಕಿ ಕುಕ್ಕಿದ್ದು ಎಂದವರಿದ್ದಾರೆ, ದಟ್ಟ ನೆರಳಲ್ಲಿ ತುಂಬಾ ನಿಧಾನವಾಗಿ ಬೆಳೆದದ್ದರಿಂದ ಎಂದವರಿದ್ದಾರೆ. ಅಂಥ ಮರವನ್ನು ಬೇಕೆಂದು ನೆಟ್ಟು ಬೆಳೆಸಲು ಆಗುವುದಿಲ್ಲ. ಅದಕ್ಕೇ ಆ ಬೆಲೆ.

ಮರವನ್ನು ಹೇಗೆ ಸೀಳುತ್ತಾರೆ ಎನ್ನುವುದರ ಮೇಲೂ ಎಲ್ಲ ನಿಂತಿದೆ. ಬರ್ಡ್ಸ್ ಐ ಕಾಣಬೇಕಾದರೆ ದಿಮ್ಮಿಯ ಹೊರಮೈಯಿಂದ, ವಾರ್ಷಿಕ ಉಂಗುರಗಳಿಗೆ ಸಮಾನಾಂತರವಾಗಿ ಸೀಳಬೇಕು. ಕರ್ಲಿ ಪಟ್ಟೆ ಚೆನ್ನಾಗಿ ಬರುವುದು ಕ್ವಾರ್ಟರ್ ಕಟ್‌ನಲ್ಲಿ, ಅಂದರೆ ತಿರುಳಿನಿಂದ ಹೊರಕ್ಕೆ ಸೀಳಿದಾಗ. ಇನ್ನೊಂದು ಇದೆ, ಕ್ವಿಲ್ಟೆಡ್. ಉಬ್ಬಿದ ಗುಳ್ಳೆಗಳ ಹಾಗೆ ಕಾಣುವುದು. ಅದು ಹೆಚ್ಚಾಗಿ ಪೆಸಿಫಿಕ್ ಕರಾವಳಿಯ ಬಿಗ್‌ಲೀಫ್ ಮೇಪಲ್‌ನಲ್ಲಿ ಬರುತ್ತದೆ, ವಾಷಿಂಗ್ಟನ್, ಒರೆಗಾನ್ ಕಡೆ. ಆ ಮರ ಶುಗರ್ ಮೇಪಲ್‌ಗಿಂತ ಮೆದು.

ಬಿಳಿ ಬಣ್ಣದ ಬಗ್ಗೆ: ಮೇಪಲ್‌ನಲ್ಲಿ ಬಿಳಿ ಇರುವುದು ಹೊರಭಾಗ ಮಾತ್ರ. ಒಳಗಿನ ಚೇಗು ಕಂದು. ಚಳಿಗಾಲದಲ್ಲಿ ಕಡಿದು ಬೇಗ ಸೀಳಿದರೆ ಬಿಳಿ ಉಳಿಯುತ್ತದೆ. ಬೇಸಿಗೆಯಲ್ಲಿ ದಿಮ್ಮಿ ಬಿದ್ದಿದ್ದರೆ ಕಲೆ ಹಿಡಿಯುತ್ತದೆ. ಹಾಗಾಗಿ "ಮೇಪಲ್" ಎಂದ ಮಾತ್ರಕ್ಕೆ ಒಂದೇ ಬಿಳುಪು ನಿರೀಕ್ಷಿಸಬೇಡಿ.

ಬೆಲ್ಲದ_ಗಾಣ
ವಿಷಯಕ್ಕೆ ಸಂಬಂಧ ಇಲ್ಲ, ಆದರೂ ಕೇಳುತ್ತೇನೆ. ಸಿರಪ್ ತೆಗೆದ ಮರವನ್ನೇ ಆಮೇಲೆ ವೆನೀರ್‌ಗೆ ಕಡಿಯುತ್ತಾರಾ?

ಮಿಚಿಗನ್_ಕನ್ನಡಿಗ
ಒಳ್ಳೆಯ ಪ್ರಶ್ನೆ. ಸಾಮಾನ್ಯವಾಗಿ ಇಲ್ಲ. ರಸ ಇಳಿಸಲು ಬುಡದ ಹತ್ತಿರ ತೂತು ಕೊರೆಯುತ್ತಾರಲ್ಲ, ಆ ತೂತಿನ ಮೇಲೂ ಕೆಳಗೂ ಮರದೊಳಗೆ ಉದ್ದಕ್ಕೆ ಕಂದು ಕಲೆ ಹಬ್ಬುತ್ತದೆ. ವೆನೀರ್‌ಗೆ ಬೆಲೆ ಬರುವುದೇ ಬುಡದ ದಿಮ್ಮಿಗೆ. ಅದು ಹೋಯಿತು ಎಂದರೆ ಬೆಲೆ ಬಿತ್ತು. ಮರದ ಯಜಮಾನ ಸಿರಪ್ಪೋ ವೆನೀರೋ ಮೊದಲೇ ತೀರ್ಮಾನ ಮಾಡಬೇಕು.

ಬೆಲ್ಲದ_ಗಾಣ
ಒಂದು ಲೀಟರ್ ಸಿರಪ್‌ಗೆ ಸುಮಾರು 40 ಲೀಟರ್ ರಸ ಬೇಕು ಎಂದು ಕೇಳಿದ್ದೆ. ನಮ್ಮ ಜೋನಿ ಬೆಲ್ಲಕ್ಕೆ ಅಷ್ಟು ಕಬ್ಬಿನ ಹಾಲು ಬೇಡ. ಸೌದೆ ಎಷ್ಟು ಸುಡಬೇಕು ಅದಕ್ಕೆ!

ಕ್ರಾಕರಿ_ಕಪಾಟು
ಬೆಲ್ಲ ಆಮೇಲೆ ಕಾಯಿಸೋಣ. ಮೇಡಂ ಕೇಳಿದ್ದು ಹಳದಿಯಾಗುತ್ತದಾ ಎಂದು. ಯಾರೂ ಉತ್ತರ ಕೊಟ್ಟಿಲ್ಲ.

ಪಾಲಿಶ್_ಅಣ್ಣ
ನಾನು ಕೊಡುತ್ತೇನೆ. ಹಳದಿ ಎರಡು ಕಡೆಯಿಂದ ಬರುತ್ತದೆ. ಒಂದು ಮರದಿಂದ, ಇನ್ನೊಂದು ಪಾಲಿಶ್‌ನಿಂದ. ಎರಡನ್ನೂ ಬೇರೆ ಬೇರೆ ನೋಡಬೇಕು.

ಮರ ಬೆಳಕಿಗೆ ಬಣ್ಣ ತಿರುಗುತ್ತದೆ. ಮೇಪಲ್ ಬಿಳಿಯಿಂದ ನಿಧಾನವಾಗಿ ಜೇನು ಬಣ್ಣಕ್ಕೆ ಹೋಗುತ್ತದೆ. ಕಿಟಕಿಯ ಎದುರಿನ ಬಾಗಿಲು ಬೇಗ, ಮೂಲೆಯದ್ದು ತಡವಾಗಿ. ಇದನ್ನು ಪೂರ್ತಿ ತಡೆಯಲು ಯಾರಿಂದಲೂ ಆಗುವುದಿಲ್ಲ. ಯುವಿ ತಡೆಯುವ ಅಂಶ ಇರುವ ಟಾಪ್ ಕೋಟ್ ಹಾಕಿದರೆ ತಡವಾಗುತ್ತದೆ, ಅಷ್ಟೇ. ಆ ಜೇನು ಬಣ್ಣ ನನಗಂತೂ ಚೆಂದವೇ.

ಪಾಲಿಶ್‌ನ ಹಳದಿ ಬೇರೆ. ಅದು ಕೊಳಕು ಹಳದಿ. ಇದನ್ನು ತಡೆಯಬಹುದು. ಮೆಲಮೈನ್ ಹಾಕಿಸಬೇಡಿ. ಅದು ತೇಗದ ಮೇಲೆ ಹಳದಿಯಾದರೂ ಗೊತ್ತಾಗುವುದಿಲ್ಲ, ಮೇಪಲ್ ಮೇಲೆ ಎದ್ದು ಕಾಣುತ್ತದೆ. ಎಣ್ಣೆ ಬೆರೆತ ವಾರ್ನಿಶ್ ಬೇಡವೇ ಬೇಡ. ಪಿಯು (ಪಾಲಿಯುರೆಥೇನ್ ಪಾಲಿಶ್) ಹಾಕಿಸಿ, ಆದರೆ ಪಿಯುನಲ್ಲೂ ಎರಡು ಜಾತಿ. ಅರೋಮ್ಯಾಟಿಕ್ ಹಾರ್ಡನರ್ (ಪಾಲಿಶ್ ಗಟ್ಟಿಯಾಗಲು ಬೆರೆಸುವುದು) ಹಾಕಿದ್ದು ಹಳದಿಯಾಗುತ್ತದೆ. ಅಲಿಫ್ಯಾಟಿಕ್ ಹಾರ್ಡನರ್ ಹಾಕಿದ್ದು ಹಾಗೇ ಇರುತ್ತದೆ. ಡಬ್ಬಿ ಮೇಲೆ ನಾನ್-ಯೆಲ್ಲೋಯಿಂಗ್ ಎಂದು ಇದೆಯಾ ನೋಡಿ, ಡೀಲರ್ ಹತ್ತಿರ ಡೇಟಾ ಶೀಟ್ ಕೇಳಿ. ಸೀಲರ್, ಅಂದರೆ ಅಡಿಯ ಕೋಟ್ ಕೂಡ ಅದೇ ಜಾತಿಯದು ಇರಬೇಕು. ಸೀಲರ್ ಅಗ್ಗದ್ದು, ಟಾಪ್ ಕೋಟ್ ದುಬಾರಿ ಹಾಕಿ ಏನೂ ಪ್ರಯೋಜನ ಇಲ್ಲ. ಹಳದಿ ಅಡಿಯಿಂದ ಬರುತ್ತದೆ.

ನೀರಿನ_ಪಿಯು
ವಾಟರ್ ಬೇಸ್ ಪಿಯು ಯಾಕೆ ಹೇಳಲಿಲ್ಲ ಅಣ್ಣ? ವಾಸನೆ ಇಲ್ಲ, ಮನೆಯಲ್ಲಿ ವಾಸ ಇದ್ದುಕೊಂಡೇ ಹಾಕಿಸಬಹುದು, ಬಿಳುಪು ಚೆನ್ನಾಗಿ ಉಳಿಯುತ್ತದೆ.

ಪಾಲಿಶ್_ಅಣ್ಣ
ಬಿಳುಪು ಉಳಿಯುತ್ತದೆ, ಒಪ್ಪುತ್ತೇನೆ. ಆದರೆ ಕರ್ಲಿಯ ಹೊಳಪು ಸ್ವಲ್ಪ ಸಪ್ಪೆಯಾಗುತ್ತದೆ, ನೇರವಾಗಿ ಹಾಕಿದರೆ. ನೀರು ತಾಗಿ ನಾರು ಎದ್ದು ನಿಲ್ಲುತ್ತದೆ, ಮತ್ತೆ ಉಜ್ಜಬೇಕು. ವೆನೀರ್ ದಪ್ಪ ಇರುವುದೇ ಅರ್ಧ ಮಿಲಿಮೀಟರ್ ಆಸುಪಾಸು. ಎಷ್ಟು ಸಲ ಉಜ್ಜುತ್ತೀರಿ?

ನೀರಿನ_ಪಿಯು
ಅದಕ್ಕೇ ಮೊದಲು ತೆಳುವಾಗಿ ಒಂದು ಕೈ ಅರಗಿನ ಪಾಲಿಶ್ ಕೊಡಬೇಕು. ಮೇಣ ತೆಗೆದ ತಿಳಿ ಶೆಲ್ಯಾಕ್. ನಾರಿನ ಅಲೆ ಎದ್ದು ಕಾಣುತ್ತದೆ. ಆಮೇಲೆ ಅದರ ಮೇಲೆ ವಾಟರ್ ಬೇಸ್. ಮೇಣ ಇರುವ ಸಾದಾ ಅರಗು ಹಾಕಿದರೆ ಮಾತ್ರ ಮೇಲಿನ ಪಿಯು ಹಿಡಿಯದೆ ಸಿಪ್ಪೆ ಏಳುತ್ತದೆ. ಕಿತ್ತಳೆ ಬಣ್ಣದ ಅರಗಿನ ಚಕ್ಕೆ ಬೇಡ, ಅದು ಮೇಪಲ್ ಅನ್ನು ಆವತ್ತೇ ಜೇನು ಬಣ್ಣ ಮಾಡುತ್ತದೆ.

ಪಾಲಿಶ್_ಅಣ್ಣ
ಇದು ಸರಿಯಾದ ಮಾತು. ಮೇಣ ತೆಗೆದ ಅರಗಿನ ಮೇಲೆ ಯಾವ ಪಿಯು ಆದರೂ ಕೂರುತ್ತದೆ.

ಇನ್ನೊಂದು ಹೇಳಲೇಬೇಕು. ತೇಗಕ್ಕೆ ಕೈ ಕುದುರಿದ ಹುಡುಗರು ಮೇಪಲ್‌ಗೂ ಅಭ್ಯಾಸ ಬಲದಿಂದ ಫಿಲ್ಲರ್ ಬಳಿಯುತ್ತಾರೆ. ಮೇಪಲ್‌ನ ರಂಧ್ರ ತುಂಬಾ ಸಣ್ಣದು, ಫಿಲ್ಲರ್ ಬೇಕಿಲ್ಲ. ಬಳಿದರೆ ಕಣ್ಣು, ಪಟ್ಟೆ ಎಲ್ಲ ಮಂಕು. ಸ್ಟೇನ್ ಹಾಕಿದರಂತೂ ತೇಪೆ ತೇಪೆಯಾಗಿ ಹೀರುತ್ತದೆ. ಬಣ್ಣ ಬೇಕೇ ಬೇಕು ಎಂದರೆ ಸ್ಟೇನ್ ಬದಲು ಡೈ ಹಾಕಿಸಿ, ಅದೂ ತುಂಡಿನ ಮೇಲೆ ಮಾಡಿ ನೋಡಿದ ಮೇಲೆ.

ಕುಡ್ಲದ_ಮಳೆ
ಮಂಗಳೂರಿನಿಂದ ಬರೆಯುತ್ತಿದ್ದೇನೆ. ನಮ್ಮ ಮನೆಯ ಪಾಲಿಶ್ ಆಷಾಢದಲ್ಲಿ ಮಾಡಿಸಿದರು. ಕಂಟ್ರಾಕ್ಟರ್‌ಗೆ ಅವಸರ. ಮಳೆಯ ತೇವಕ್ಕೆ ಲ್ಯಾಕರ್ ಮೇಲೆಲ್ಲ ಬಿಳಿ ಮಬ್ಬು ಬಂತು. ತೆಗೆದು ಮತ್ತೆ ಮಾಡುವಾಗ ಮಷಿನ್ ಹಿಡಿದು ಉಜ್ಜಿ, ಮೂಲೆಯಲ್ಲಿ ವೆನೀರ್ ಸವೆದು ಕೆಳಗಿನ ಪ್ಲೈ ಕಾಣಿಸಿತು. ಎರಡು ಬಾಗಿಲು ಪೂರ್ತಿ ಬದಲಾಯಿಸಬೇಕಾಯಿತು. ಜೊತೆ ಶೀಟ್ ಸಿಗಲಿಲ್ಲ. ಇವತ್ತಿಗೂ ಆ ಎರಡು ಬಾಗಿಲು ಬೇರೆಯೇ ಕಾಣುತ್ತವೆ. ದಯವಿಟ್ಟು ಮಳೆಗಾಲದಲ್ಲಿ ಪಾಲಿಶ್ ಹಿಡಿಯಬೇಡಿ.

ಕೀಸುಳಿ
@ಕುಡ್ಲದ_ಮಳೆ ನೋವಾಗುತ್ತದೆ ಕೇಳಲು. ವೆನೀರ್‌ಗೆ ಮಷಿನ್ ಸ್ಯಾಂಡರ್ ಹಿಡಿಯಲೇಬಾರದು. ಮರದ ತುಂಡಿಗೆ ಉಪ್ಪುಕಾಗದ ಸುತ್ತಿ ಕೈಯಲ್ಲೇ ಉಜ್ಜಬೇಕು. 240 ನಂಬರಿನದು, ಆಮೇಲೆ ಇನ್ನೂ ನಯವಾದ 320. ಅಂಚಿನಲ್ಲಿ ಕೈ ಹಗುರ ಇರಬೇಕು. ಯಾವಾಗಲೂ ಒಂದು ಶೀಟ್ ಜಾಸ್ತಿ ತರಿಸಿ ಇಟ್ಟುಕೊಳ್ಳಬೇಕು, ಒಂದೇ ದಿಮ್ಮಿಯ ಅದೇ ನಂಬರ್ ಸರಣಿಯಿಂದ.

ದುಡ್ಡಿನ_ಲೆಕ್ಕ
ಜಾಸ್ತಿ ಶೀಟ್ ಎಂದರೆ ಸುಮ್ನೆ ಮಾತಾ? ಈಗಾಗಲೇ ಎಷ್ಟು ಹಾಳಾಗುತ್ತದೆ ನೋಡಿ. ಬೀರಿನ ಬಾಗಿಲು 7 ಅಡಿ ಎತ್ತರ, ಒಂದೂವರೆ ಅಡಿ ಅಗಲ ಎಂದಿಟ್ಟುಕೊಳ್ಳಿ. ನಾಲ್ಕು ಬಾಗಿಲಿಗೆ 42 ಚದರಡಿ. ಶೀಟ್ 8ಕ್ಕೆ 4, ಅಂದರೆ 32 ಚದರಡಿ. ಒಂದು ಶೀಟಿನಲ್ಲಿ ಎರಡೇ ಬಾಗಿಲು ಬರುತ್ತದೆ. ಎರಡು ಶೀಟ್, 64 ಚದರಡಿ ಕೊಳ್ಳಬೇಕು. 22 ಚದರಡಿ ಚೂರು. ಮೂರನೇ ಒಂದು ಭಾಗ! ಇದನ್ನು ಯಾವ ಮೇಸ್ತ್ರಿಯೂ ಮೊದಲು ಹೇಳುವುದಿಲ್ಲ, ಚದರಡಿ ದರ ಮಾತ್ರ ಹೇಳುತ್ತಾರೆ.

ಒಳಾಂಗಣ_ವಿನ್ಯಾಸ
ಚೂರು ಹಾಳಲ್ಲ. ಒಂದೊಂದು ಶೀಟಿನ ಪಕ್ಕದಲ್ಲಿ ಒಂದಡಿ ಅಗಲದ ಪಟ್ಟಿ ಉಳಿಯುತ್ತದೆ. ಡ್ರಾಯರ್ ಮುಖಕ್ಕೆ, ಬದಿಗೆ ಬರುತ್ತದೆ. ಲಾಫ್ಟ್ ಬಾಗಿಲು ಕೂಡ ಇದ್ದು, ಕೆಳಗಿನ ಬಾಗಿಲಿನ ಪಟ್ಟೆ ಮೇಲಿನವರೆಗೂ ಒಂದೇ ಸಮ ಹೋಗಬೇಕು ಎಂದರೆ 10 ಅಡಿ ಶೀಟ್ ಕೇಳಿ.

ಪಿಟೀಲು_ಪ್ರಿಯೆ
ನೀವೆಲ್ಲ ಶೀಟನ್ನು ಅಗಲದ ಲೆಕ್ಕದಲ್ಲಿ ಕತ್ತರಿಸುತ್ತಿದ್ದೀರಿ. ಜೋಡಣೆಯ ಬಗ್ಗೆ ಯಾರೂ ಮಾತಾಡಲಿಲ್ಲ. ಮೇಪಲ್‌ನಲ್ಲಿ ಅದೇ ಮುಖ್ಯ.

ನಾನು ಪಿಟೀಲು ನುಡಿಸುತ್ತೇನೆ. ಪಿಟೀಲಿನ ಬೆನ್ನು, ಪಕ್ಕ, ಕತ್ತು ಎಲ್ಲ ಕರ್ಲಿ ಮೇಪಲ್. ಮುಂಭಾಗ ಮಾತ್ರ ಸ್ಪ್ರೂಸ್. ಬೆನ್ನನ್ನು ಹೆಚ್ಚಾಗಿ ಎರಡು ತುಂಡಿನಿಂದ ಮಾಡುತ್ತಾರೆ. ಒಂದೇ ಹಲಗೆಯನ್ನು ಸೀಳಿ, ಪುಸ್ತಕ ಬಿಚ್ಚಿದ ಹಾಗೆ ತೆರೆದು ಅಂಟಿಸುತ್ತಾರೆ. ಪಟ್ಟೆಗಳು ನಡುವೆ ಬಂದು ಕೂಡಿ ವಿ ಆಕಾರ ಆಗುತ್ತವೆ. ಪಿಟೀಲನ್ನು ತಿರುಗಿಸಿದರೆ ಎಡಭಾಗ ಬೆಳಗಿದಾಗ ಬಲಭಾಗ ಕತ್ತಲು, ಬಲ ಬೆಳಗಿದಾಗ ಎಡ ಕತ್ತಲು. ಒಂದರಲ್ಲಿ ನಾರು ನಮ್ಮ ಕಡೆ ಬಾಗಿದ್ದರೆ ಇನ್ನೊಂದರಲ್ಲಿ ಆಚೆ ಬಾಗಿರುತ್ತದೆ.

ಪಿಟೀಲಿನಲ್ಲಿ ಇದು ಬಹಳ ಚೆಂದ. ಆದರೆ ಏಳಡಿ ಬೀರಿನಲ್ಲಿ ಆರೇಳು ಹಾಳೆ ಹೀಗೆ ಬುಕ್ ಮ್ಯಾಚ್ ಮಾಡಿದರೆ ಒಂದು ಹಾಳೆ ಬೆಳ್ಳಗೆ, ಪಕ್ಕದ್ದು ಮಬ್ಬು, ಮತ್ತೆ ಬೆಳ್ಳಗೆ. ಅಕ್ಕನ ಮನೆಯಲ್ಲಿ ಹೀಗೇ ಆಗಿದೆ. ನೋಡಿದವರು ಎರಡು ಬೇರೆ ಮರ ಹಾಕಿದ್ದೀರಾ ಎಂದು ಕೇಳುತ್ತಾರೆ.

ಕೀಸುಳಿ
ನೂರಕ್ಕೆ ನೂರು ನಿಜ. ಈ ತೊಂದರೆಗೆ ಸ್ಲಿಪ್ ಮ್ಯಾಚ್ ಮಾಡಿಸಬೇಕು. ಹಾಳೆಯನ್ನು ಮಗುಚದೆ ಪಕ್ಕಕ್ಕೆ ಸರಿಸಿ ಇಡುವುದು. ಬೆಳಕು ಎಲ್ಲ ಹಾಳೆಗೂ ಒಂದೇ ತರಹ ಬೀಳುತ್ತದೆ. ಕರ್ಲಿಗೆ ಸ್ಲಿಪ್ಪೇ ಸರಿ.

ಒಳಾಂಗಣ_ವಿನ್ಯಾಸ
ನಾನು ಒಪ್ಪುವುದಿಲ್ಲ. ಸ್ಲಿಪ್ ಮ್ಯಾಚ್‌ನಲ್ಲಿ ಓರೆ ಪಟ್ಟೆ ಇದ್ದರೆ ಎಲ್ಲ ಹಾಳೆಯೂ ಒಂದೇ ಕಡೆ ವಾಲಿ, ಬಾಗಿಲೇ ಸೊಟ್ಟಗಿದೆ ಅನ್ನಿಸುತ್ತದೆ. ಕೂಡುವ ಕಡೆ ಪಟ್ಟೆ ಮುರಿದ ಹಾಗೆ ಕಾಣುತ್ತದೆ. ಬುಕ್ ಮ್ಯಾಚ್‌ನ ಸಮತೋಲ ಅದರಲ್ಲಿ ಬರುವುದಿಲ್ಲ. ಒಂದು ಬಾಗಿಲಿಗೆ ಎರಡೇ ಹಾಳೆ, ಸರಿಯಾಗಿ ನಡುವೆ ಕೂಡುವ ಹಾಗೆ ಬುಕ್ ಮ್ಯಾಚ್ ಮಾಡಿಸಿ. ಬೆಳಕು ಬದಲಾದರೂ ಬೇಕೆಂದೇ ಮಾಡಿದ ಹಾಗೆ ಕಾಣುತ್ತದೆ.

ಪಿಟೀಲು_ಪ್ರಿಯೆ
ಎರಡೇ ಹಾಳೆ, ನಡುವೆ ಕೂಡುವುದು – ಇದು ಒಪ್ಪಿದೆ. ಆದರೆ ಅಂಗಡಿಯ ರೆಡಿ ಶೀಟಿನಲ್ಲಿ ಅದು ಆಗುವುದಿಲ್ಲ ಅಲ್ವಾ? ನಾಲ್ಕಡಿ ಶೀಟಿನಲ್ಲಿ ಅವರು ಜೋಡಿಸಿದ ಗೆರೆ ಎಲ್ಲಿದೆಯೋ ಅಲ್ಲೇ. ಒಂದೂವರೆ ಅಡಿಗೆ ಕತ್ತರಿಸಿದರೆ ಗೆರೆ ಎಲ್ಲೋ ಪಕ್ಕಕ್ಕೆ ಬೀಳುತ್ತದೆ.

ಒಳಾಂಗಣ_ವಿನ್ಯಾಸ
ಸರಿ. ಅದಕ್ಕೆ ಬಾಗಿಲಿನ ಅಳತೆ ಕೊಟ್ಟು ಬಿಡಿ ಹಾಳೆಯಿಂದ ಪ್ರೆಸ್ ಮಾಡಿಸಬೇಕು. ಖರ್ಚು ಜಾಸ್ತಿ, ಸಮಯವೂ ಜಾಸ್ತಿ. ಬರ್ಡ್ಸ್ ಐ ಆದರೆ ಇಷ್ಟು ತಲೆನೋವಿಲ್ಲ. ಕಣ್ಣುಗಳು ಎಲ್ಲ ಕಡೆ ಚೆಲ್ಲಿರುವುದರಿಂದ ಕೂಡಿಸಿದ ಗೆರೆ ಅಷ್ಟಾಗಿ ಕಾಣುವುದಿಲ್ಲ.

ಹೊಸಮನೆ_ಜಯನಗರ
ಇಷ್ಟೊಂದು ಇದೆ ಎಂದು ಗೊತ್ತಿರಲಿಲ್ಲ. ಎಲ್ಲರಿಗೂ ಧನ್ಯವಾದ. ಅಡುಗೆಮನೆ ಬಗ್ಗೆ ಹೇಳಿ. ನಮ್ಮದು ದಿನಾ ಒಗ್ಗರಣೆ ಹಾಕುವ ಮನೆ. ಚಿಮಣಿ ಇದೆ.

ಒಗ್ಗರಣೆ_ಸದ್ದು
ಹಾಕಿಸಬೇಡಿ. ಅರಿಶಿನ ಒಂದೇ ಸಾಕು.

ಪಾಲಿಶ್_ಅಣ್ಣ
ಪಿಯು ಸರಿಯಾಗಿ ಹಾಕಿದ್ದರೆ ಅರಿಶಿನ ಒಳಗೆ ಇಳಿಯುವುದಿಲ್ಲ, ತಕ್ಷಣ ಒರೆಸಿದರೆ ಹೋಗುತ್ತದೆ. ಸ್ವಲ್ಪ ಹಳದಿ ಉಳಿದರೂ ಬೆಳಕಿಗೆ ಅರಿಶಿನದ ಬಣ್ಣ ತಾನಾಗಿ ಮಾಸುತ್ತದೆ. ಭಯ ಅರಿಶಿನದ್ದಲ್ಲ, ನೀರಿನದ್ದು. ಸಿಂಕ್ ಕೆಳಗಿನ ಬಾಗಿಲಿನ ತಳದ ಅಂಚು, ನೆಲ ಒರೆಸುವಾಗ ಬಟ್ಟೆ ತಾಗುವ ಅಂಚು, ಕುಕ್ಕರ್ ಹಬೆ ಹೊಡೆಯುವ ಮೇಲಿನ ಬಾಗಿಲಿನ ತಳ. ಅಲ್ಲಿಂದಲೇ ವೆನೀರ್ ಏಳುವುದು. ಮೇಪಲ್ ಗಟ್ಟಿ ಮರ ನಿಜ, ಅಮೆರಿಕದಲ್ಲಿ ಬ್ಯಾಸ್ಕೆಟ್‌ಬಾಲ್ ಅಂಕಣಕ್ಕೇ ಹಾಕುತ್ತಾರೆ. ಆದರೆ ತೇಗದ ಹಾಗೆ ನೀರು, ಹುಳು ತಡೆಯುವ ಎಣ್ಣೆ ಅದರಲ್ಲಿ ಇಲ್ಲ. ತೇವ ನಿಂತರೆ ಕಪ್ಪಾಗುತ್ತದೆ, ಕೊಳೆಯುತ್ತದೆ.

ಮಿಚಿಗನ್_ಕನ್ನಡಿಗ
ಇಲ್ಲಿ ಅಡುಗೆಮನೆಗೆ ಮೇಪಲ್ ಬಹಳ ಸಾಮಾನ್ಯ. ನಮ್ಮ ಮನೆಯಲ್ಲೂ ಅದೇ ಇದೆ, ಸಾರು ಪಲ್ಯ ಎಲ್ಲ ಅದರ ನಡುವೆಯೇ. ಆದರೆ ಇಲ್ಲಿನ ರೀತಿ ಬೇರೆ. ಬಾಗಿಲಿನ ಚೌಕಟ್ಟು ಗಟ್ಟಿ ಮೇಪಲ್, ನಡುವಿನ ಹಲಗೆಗೆ ಮಾತ್ರ ಫಿಗರ್ಡ್ ವೆನೀರ್. ಹಾಗಾಗಿ ಪೆಟ್ಟು, ನೀರು ತಾಗುವ ಅಂಚಿನಲ್ಲಿ ವೆನೀರ್ ಇರುವುದೇ ಇಲ್ಲ. ಚಳಿಗಾಲದಲ್ಲಿ ಹೀಟರ್‌ನಿಂದ ಮನೆಯೊಳಗಿನ ಗಾಳಿ ಒಣಗಿ ಗಟ್ಟಿ ಮರದ ಹಲಗೆ ಕುಗ್ಗುತ್ತದೆ, ವೆನೀರ್ ಹಲಗೆ ಅಲುಗುವುದಿಲ್ಲ. ಆ ಕಾರಣಕ್ಕೂ ವೆನೀರ್ ಒಳ್ಳೆಯದು.

ಕೀಸುಳಿ
ಈ ಚೌಕಟ್ಟಿನ ಮಾತು ನನಗೆ ತುಂಬಾ ಹಿಡಿಸಿತು. ನಮ್ಮಲ್ಲಿ ಶೀಟ್ ಅಂಟಿಸಿ ಅಂಚಿಗೆ ತೇಗದ ಬೀಡಿಂಗ್ ಹೊಡೆಯುತ್ತಾರೆ. ಬಿಳಿ ಮೇಪಲ್ ಸುತ್ತ ಕಂದು ತೇಗದ ಗೆರೆ ಬೇಡವಾದ ಕಡೆ ಎದ್ದು ಕಾಣುತ್ತದೆ. ಬೀಡಿಂಗ್‌ಗೆ ಸ್ಟೀಮ್ ಬೀಚ್, ಬಿಳಿ ಆಶ್ ಅಥವಾ ಮೇಪಲ್ ಪಟ್ಟಿ ಕೇಳಬೇಕು. ಇಲ್ಲವೇ ಬೇಕೆಂದೇ ಕಪ್ಪು ಮರದ ಅಗಲ ಚೌಕಟ್ಟು ಕೊಟ್ಟು ನಡುವೆ ಮೇಪಲ್ ಕೂರಿಸಬೇಕು. ಮೈಸೂರಿನ ಬೀಟೆ ಮರದ ಕುಸುರಿ ನೋಡಿದ್ದೀರಲ್ಲ, ಕಪ್ಪು ಮರದ ನಡುವೆ ತಿಳಿ ಮರದ ಚೂರು ಎಷ್ಟು ಬೆಳಗುತ್ತದೆ. ಫಿಗರ್ಡ್ ಮೇಪಲ್ ಕಡಿಮೆ ಇದ್ದಷ್ಟೂ ಚೆಂದ. ಮೂರು ಕೋಣೆಗೂ ತುಂಬಿಸಿದರೆ ಕಣ್ಣಿಗೆ ಎಲ್ಲೂ ನಿಲ್ಲಲು ಜಾಗ ಸಿಗುವುದಿಲ್ಲ.

ಅಡುಗೆಮನೆಗೆ ನನ್ನ ಸಲಹೆ: ಕೆಳಗಿನದ್ದೆಲ್ಲ ಲ್ಯಾಮಿನೇಟ್, ಒಳಗೆ ಐಎಸ್ 710 ಗುರುತಿನ, ನೀರು ತಡೆಯುವ ಮರೀನ್ ಪ್ಲೈ. ಮೇಪಲ್ ಬೇಕೆಂದರೆ ಒಲೆಯಿಂದ ದೂರದ ಮೇಲಿನ ಎರಡು ಬಾಗಿಲಿಗೆ. ಮಿಕ್ಕಿದ್ದು ಕ್ರಾಕರಿ ಯೂನಿಟ್‌ಗೆ.

ಕಾಫಿತೋಟ_ಚಿಕ್ಕಮಗಳೂರು
ಇಷ್ಟೆಲ್ಲ ಕಷ್ಟಪಟ್ಟು ಸಾವಿರಾರು ಮೈಲಿ ದೂರದ ಮರ ಯಾಕೆ? ನಮ್ಮ ತೋಟದಲ್ಲಿ ನೆರಳಿಗೆ, ಮೆಣಸಿನ ಬಳ್ಳಿಗೆ ಬೆಳೆಸುವ ಸಿಲ್ವರ್ ಓಕ್ ಇದೆ. ಕ್ವಾರ್ಟರ್ ಕಟ್ ಮಾಡಿದರೆ ಲೇಸ್ ಹೆಣೆದ ಹಾಗೆ ಚುಕ್ಕಿ ಚುಕ್ಕಿ ಬರುತ್ತದೆ. ಬೆಳಕಿಗೆ ಮಿನುಗುತ್ತದೆ. ಪ್ಲೈವುಡ್ ಕಾರ್ಖಾನೆಗೆ ಕಡಿಮೆ ಬೆಲೆಗೆ ಕೊಡುತ್ತೇವೆ. ಅದರ ಚೆಲುವು ಯಾರೂ ನೋಡುವುದೇ ಇಲ್ಲ ಎಂದು ನನಗೆ ಬೇಜಾರು.

ಒಳಾಂಗಣ_ವಿನ್ಯಾಸ
ಸಿಲ್ವರ್ ಓಕ್‌ನ ಬಣ್ಣ ಗುಲಾಬಿ ಕಂದು, ಮೇಪಲ್‌ನ ಬಿಳುಪಿಗೆ ಅದು ಬದಲಿ ಅಲ್ಲ. ಆದರೆ ಲೇಸ್ ವಿನ್ಯಾಸ ಅಪರೂಪದ್ದು, ಅದನ್ನು ಒಪ್ಪುತ್ತೇನೆ. ಕ್ವಾರ್ಟರ್ ಕಟ್ ವೆನೀರ್ ಸಿಗುವ ಹಾಗಿದ್ದರೆ ನಾನೇ ಕೊಳ್ಳುತ್ತೇನೆ. ಎಲ್ಲರೂ ರೋಟರಿಯಲ್ಲಿ, ಅಂದರೆ ದಿಮ್ಮಿ ತಿರುಗಿಸುತ್ತಾ ಸುಲಿದುಬಿಡುತ್ತಾರೆ, ಅದರಲ್ಲಿ ಆ ಚುಕ್ಕಿ ಬರುವುದಿಲ್ಲ.

ಚನ್ನಪಟ್ಟಣ_ಹುಡುಗ
ಬಿಳಿ ಮರ ಎಂದರೆ ನಮ್ಮ ಹಾಲೆ ಮರ. ಗೊಂಬೆ ಮಾಡುವುದು ಅದರಲ್ಲೇ. ಎಷ್ಟು ನುಣುಪು!

ಕೀಸುಳಿ
ಹಾಲೆ ಮರ ನುಣುಪು ನಿಜ ತಮ್ಮ, ಆದರೆ ಸಣ್ಣ ಮರ. ಕಡೆಯುವ ಯಂತ್ರಕ್ಕೆ ಹೇಳಿ ಮಾಡಿಸಿದ್ದು. ಬಾಗಿಲಿನ ಅಗಲಕ್ಕೆ ಹಾಳೆ ತೆಗೆಯುವಷ್ಟು ದಪ್ಪ ದಿಮ್ಮಿ ಬರುವುದಿಲ್ಲ.

ಕ್ರಾಕರಿ_ಕಪಾಟು
ಅಂಟಿನ ಬಗ್ಗೆ ಒಂದು ಮಾತು. ನಮ್ಮಲ್ಲಿ ಮೇಸ್ತ್ರಿ ಹಳದಿ ರಬ್ಬರ್ ಅಂಟು ಹಾಕಿ ಬಿಡಿ ವೆನೀರ್ ಅಂಟಿಸಿದರು. ಪಾಲಿಶ್ ಹೊಡೆದ ಕೆಲವು ದಿನಕ್ಕೆ ಗುಳ್ಳೆ ಎದ್ದಿತು. ಇದು ಯಾಕೆ?

ಪಾಲಿಶ್_ಅಣ್ಣ
ರಬ್ಬರ್ ಅಂಟನ್ನು ಥಿನ್ನರ್ ಕರಗಿಸುತ್ತದೆ. ಪಾಲಿಶ್‌ನ ಥಿನ್ನರ್ ತೆಳು ವೆನೀರ್ ದಾಟಿ ಕೆಳಗಿಳಿದರೆ ಅಂಟು ಬಿಡುತ್ತದೆ. ಬಿಳಿ ಅಂಟು ಹಾಕಿ, ಸಮವಾಗಿ ಹರಡಿ, ಪ್ರೆಸ್‌ನಲ್ಲಿ ಒತ್ತಿಸಬೇಕು. ಅಂಟು ಜಾಸ್ತಿಯಾದರೆ ಮೇಪಲ್‌ನಲ್ಲಿ ಮೇಲಕ್ಕೆ ಒಸರಿ ಕಲೆಯಾಗುತ್ತದೆ, ಆ ಕಲೆಯ ಜಾಗ ಪಾಲಿಶ್ ಹೀರುವುದಿಲ್ಲ. ಕೆಳಗಿನ ಪ್ಲೈ ಮುಖವೂ ತಿಳಿ ಬಣ್ಣದ್ದಿರಬೇಕು. ಕೆಂಪು ಪ್ಲೈ ಮೇಲೆ ಬಿಳಿ ಹಾಳೆ ಅಂಟಿಸಿದರೆ ಅಡಿಯ ಬಣ್ಣ ಹೊರಗೆ ಇಣುಕುತ್ತದೆ.

ಕೀಸುಳಿ
ಒಂದು ಕಡೆ ಮಾತ್ರ 4 ಮಿಲಿಮೀಟರ್ ವೆನೀರ್ ಶೀಟ್ (ತೆಳು ಪ್ಲೈ ಮೇಲೆ ವೆನೀರ್ ಹಾಳೆ ಕೂರಿಸಿದ್ದು) ಅಂಟಿಸಿ ಹಿಂಬದಿ ಹಾಗೇ ಬಿಟ್ಟರೆ ಏಳಡಿ ಬಾಗಿಲು ಬಾಗುತ್ತದೆ. ಹಿಂದೆಯೂ ಅಷ್ಟೇ ದಪ್ಪದ ಸಾದಾ ಶೀಟ್ ಹಾಕಿಸಿ. ಹಿಂದೆ ಲೈನರ್ (ತೆಳು ಲ್ಯಾಮಿನೇಟ್) ಒಂದೇ ಸಾಕು ಎನ್ನುವವರ ಮಾತು ಕೇಳಬೇಡಿ.

ದುಡ್ಡಿನ_ಲೆಕ್ಕ
ಹಾಗಾದರೆ ಒಳಗಿನ 16 ಮಿಲಿಮೀಟರ್ ಪ್ಲೈ ಸೇರಿ ಬಾಗಿಲು 24 ಮಿಲಿಮೀಟರ್ ದಪ್ಪ ಆಯಿತು. ಹಿಂಜ್ ತಡೆಯುತ್ತದಾ?

ಕೀಸುಳಿ
ಒಳಗಿನ ಪ್ಲೈ 16ರ ಬದಲು 12 ತಗೊಂಡರೆ 20ಕ್ಕೆ ನಿಲ್ಲುತ್ತದೆ, ಭಾರವೂ ಕಡಿಮೆ. ಹಿಂಜ್‌ನ ಡಬ್ಬಿಯ ಮೇಲೆ ಎಷ್ಟು ದಪ್ಪದ ಬಾಗಿಲಿಗೆ ಎಂದು ಬರೆದಿರುತ್ತದೆ, ಕೊಳ್ಳುವ ಮೊದಲು ನೋಡಿ. ಏಳಡಿ ಬಾಗಿಲಿಗೆ ನಾಲ್ಕು ಹಿಂಜ್ ಹಾಕಿಸಿ.

ಹೊಸಮನೆ_ಜಯನಗರ
ಮನೆಯಲ್ಲಿ ಕೂತು ಮಾತಾಡಿದೆವು. ಅಡುಗೆಮನೆಯಿಂದ ಮೇಪಲ್ ಕೈಬಿಟ್ಟೆವು. ಬೀರಿಗೆ ಚೌಕಟ್ಟಿನ ನಡುವೆ ಕರ್ಲಿ, ಒಂದು ಬಾಗಿಲಿಗೆ ಎರಡು ಹಾಳೆ. ಕ್ರಾಕರಿ ಯೂನಿಟ್‌ಗೂ ಅದೇ. ನಾದಿನಿಗೆ ಜೇನು ಬಣ್ಣದ ವಿಷಯ ಓದಿ ಹೇಳಿದೆ, ಅವಳು ಇನ್ನೂ ಒಪ್ಪಿಲ್ಲ. ಲೈಟ್ ಬಗ್ಗೆ ಯಾರಾದರೂ ಹೇಳುತ್ತೀರಾ? ಬೀರಿನ ಮೇಲೆ ಎಲ್‌ಇಡಿ ಪಟ್ಟಿ ಬರುತ್ತದೆ.

ಒಳಾಂಗಣ_ವಿನ್ಯಾಸ
3000 ಕೆಲ್ವಿನ್, ಅಂದರೆ ಹಳದಿ ಛಾಯೆಯ ಲೈಟ್ ಹಾಕಿಸಿ. 6500ರ ಬಿಳಿ ಲೈಟಿನಲ್ಲಿ ಮೇಪಲ್ ಪೇಲವವಾಗಿ ಕಾಣುತ್ತದೆ. ಪಟ್ಟಿಯನ್ನು ಬಾಗಿಲಿಗೆ ತೀರಾ ಅಂಟಿಕೊಂಡ ಹಾಗೆ ಇಡಬೇಡಿ, ಸ್ವಲ್ಪ ಮುಂದಕ್ಕೆ ತನ್ನಿ. ಮೇಲಿನಿಂದ ಗೋಡೆ ಸವರಿದ ಹಾಗೆ ಬೀಳುವ ಬೆಳಕಿಗೆ ಕರ್ಲಿ ಕುಣಿಯುತ್ತದೆ ನಿಜ, ಉಪ್ಪುಕಾಗದದ ಗೀರು ಕೂಡ ಅಷ್ಟೇ ಚೆನ್ನಾಗಿ ಕಾಣುತ್ತದೆ.

ಪಾಲಿಶ್_ಅಣ್ಣ
ಅದಕ್ಕೇ ಪಾಲಿಶ್ ಮಾಡುವಾಗಲೇ ಆ ಲೈಟ್ ಹಚ್ಚಿಟ್ಟು ಮಾಡಿಸಿ ಮೇಡಂ. ಸೀಲರ್ ಆದ ಮೇಲೆ ಒಂದು ಸಲ ಲೈಟ್ ಹಾಕಿ ಎಲ್ಲ ಬಾಗಿಲೂ ನೋಡಿ. ಗೀರು ಇದ್ದರೆ ಆ ಹಂತದಲ್ಲೇ ತೆಗೆಸಿ, ಟಾಪ್ ಕೋಟ್ ಬಿದ್ದ ಮೇಲೆ ಕಷ್ಟ. ಹಿಂಜ್‌ನ 35 ಮಿಲಿಮೀಟರ್ ಗುಂಡಿ, ಹಿಡಿಯ ತೂತು ಎಲ್ಲ ಪಾಲಿಶ್‌ಗೆ ಮೊದಲೇ ಕೊರೆಸಿ. ಆಮೇಲೆ ಕೊರೆದರೆ ತೂತಿನ ಅಂಚಿನಲ್ಲಿ ವೆನೀರ್ ಚಕ್ಕೆ ಏಳುತ್ತದೆ.

ಪಿಟೀಲು_ಪ್ರಿಯೆ
ಹಾಳೆ ಆರಿಸಲು ಹೋಗುವಾಗ ಬಾಗಿಲಿನ ಅಳತೆಯ ರಟ್ಟಿನ ಚೌಕಟ್ಟು ಮಾಡಿಕೊಂಡು ಹೋಗಿ. ಹಾಳೆಯ ಮೇಲೆ ಅಲ್ಲಿ ಇಲ್ಲಿ ಸರಿಸಿ ನೋಡಿದರೆ ಯಾವ ಭಾಗ ಬಾಗಿಲಿಗೆ ಬರಬೇಕು ಎಂದು ಅಲ್ಲೇ ಗೊತ್ತಾಗುತ್ತದೆ. ಸೀಮೆಸುಣ್ಣದಲ್ಲಿ ಹಿಂಬದಿಗೆ ನಂಬರ್ ಹಾಕಿಸಿ.

ಕೀಸುಳಿ
ಸೀಮೆಸುಣ್ಣ ಸರಿ, ಬಾಲ್ ಪೆನ್ ಮಾತ್ರ ಯಾರ ಕೈಗೂ ಕೊಡಬೇಡಿ. ಅರ್ಧ ಮಿಲಿಮೀಟರ್ ಹಾಳೆಯಲ್ಲಿ ಹಿಂದೆ ಬರೆದದ್ದು ಮುಂದೆ ಕಾಣುತ್ತದೆ. ಪೆನ್ಸಿಲ್ ಗೆರೆಯೂ ಹಗುರವಾಗಿ ಇರಲಿ.